ಒಣಗಿರಬೇಕಾದ ಗುಡ್ಡ, ನೀರು ನಿಲ್ಲಬೇಕಾದ ತಗ್ಗು: ಜೈಸಲ್ಮೇರ್ ಊರಾದ ಬಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಜೈಸಲ್ಮೇರ್ ಅಂದ ಕೂಡಲೇ ಕ್ಯಾಲೆಂಡರಿನ ಚಿತ್ರವೊಂದು ಕಣ್ಣ ಮುಂದೆ ಬರುತ್ತದೆ: ಹಳದಿ ಕೋಟೆ, ಸಾಲು ಒಂಟೆ, ಮರಳ ದಿಬ್ಬದ ಹಿಂದೆ ಮುಳುಗುವ ಸೂರ್ಯ. ಇವತ್ತು ಆ ಚಿತ್ರ ಪಕ್ಕಕ್ಕಿರಲಿ, ಮಳೆಯ ಲೆಕ್ಕದಿಂದ ಶುರು ಮಾಡೋಣ. ಅಲ್ಲಿ ವರ್ಷದ ಸರಾಸರಿ ಮಳೆ 200 ಮಿಲಿಮೀಟರಿನೊಳಗೆ. ನಮ್ಮಲ್ಲಿ ಮಳೆಯಿಲ್ಲದ ಸೀಮೆ ಎಂದೇ ಹೆಸರಾದ ಚಳ್ಳಕೆರೆಯಲ್ಲೂ ಇದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಆ ಅಷ್ಟೂ ಮಳೆ ಜುಲೈಯಿಂದ ಸೆಪ್ಟೆಂಬರಿನೊಳಗೆ, ಬೆರಳೆಣಿಕೆಯ ದಿನಗಳಲ್ಲಿ ಸುರಿದು ಮುಗಿಯುತ್ತದೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಆಳಕ್ಕೆ ತೋಡಿದರೆ ಬಹಳ ಕಡೆ ಸಿಗುವುದು ಉಪ್ಪುನೀರು. ಇಂಥ ಜಾಗದಲ್ಲಿ ಸುಮಾರು ಎಂಟು ಶತಮಾನ ಒಂದು ರಾಜಧಾನಿ ನಡೆಯಿತು.

ಇನ್ನೊಂದು ಲೆಕ್ಕ. ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆ ಕಲ್ಲುನೆಲದ ಮೇಲೆ 180 ಮಿ.ಮೀ. ಮಳೆ ಬಿದ್ದರೆ ಒಟ್ಟು 18 ಲಕ್ಷ ಲೀಟರ್. ಅದರಲ್ಲಿ ಐದನೇ ಒಂದು ಪಾಲು ಹರಿದು ತಗ್ಗಿಗೆ ಸೇರಿದರೂ 3 ಲಕ್ಷ 60 ಸಾವಿರ ಲೀಟರ್. ತಲೆಗೆ ದಿನಕ್ಕೆ ಹತ್ತು ಲೀಟರಿನಂತೆ ನೂರು ಜನಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಸಾಲುತ್ತದೆ. ಆದರೆ ಆ ಬಿಸಿಲು ಬಯಲಲ್ಲಿಟ್ಟ ನೀರನ್ನು ವರ್ಷಕ್ಕೆ ಎರಡು ಮೀಟರಿನಷ್ಟು ಆವಿ ಮಾಡಬಲ್ಲದು. ಹಾಗಾಗಿ ಅಗಲವಾದ, ಆಳವಿಲ್ಲದ ಕೆರೆ ಅಲ್ಲಿ ಪ್ರಯೋಜನಕ್ಕಿಲ್ಲ. ನೀರನ್ನು ಎಲ್ಲಿಂದ ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು, ಯಾವುದರ ಕೆಳಗೆ ಬಚ್ಚಿಡಬೇಕು ಎಂದು ತಿಳಿದವರು ಕಟ್ಟಿದ ಊರು ಇದು. ಹಾಳಾಗತೊಡಗಿದ್ದು ಆ ತಿಳಿವಳಿಕೆ ತಪ್ಪಿದ ಮೇಲೆ.

ನೀರಿದ್ದ ಊರು ಬಿಟ್ಟು ಗುಡ್ಡಕ್ಕೆ

ಭಾಟಿ ರಜಪೂತರ ಹಿಂದಿನ ರಾಜಧಾನಿ ಲೋದ್ರವಾ. ಈಗಿನ ಊರಿನಿಂದ ವಾಯವ್ಯಕ್ಕೆ ಸುಮಾರು 15 ಕಿಲೋಮೀಟರ್. ಅದು ಕಾಕ್ ಎಂಬ ಮಳೆಗಾಲದ ಹಳ್ಳದ ದಂಡೆಯಲ್ಲಿತ್ತು, ವ್ಯಾಪಾರದ ದಾರಿಯಲ್ಲೂ ಇತ್ತು. ನೀರಿನ ದೃಷ್ಟಿಯಿಂದ ನೋಡಿದರೆ ಲೋದ್ರವಾನೇ ಮೇಲು. ತೊಂದರೆ ಏನೆಂದರೆ ಅದು ಬಟ್ಟ ಬಯಲು. ದಂಡೆತ್ತಿ ಬಂದವರಿಗೆ ಅಡ್ಡಿಯೇ ಇರಲಿಲ್ಲ. ಕೊಳ್ಳೆ ಹೊಡೆಸಿಕೊಂಡ ಮೇಲೆ ಅವರ ದೊರೆ ರಾವಲ್ ಜೈಸಲ ತ್ರಿಕೂಟ ಎಂಬ ಒಂಟಿ ಗುಡ್ಡವನ್ನು ಆರಿಸಿಕೊಂಡ. ಪರಂಪರೆ ಹೇಳುವ ವರ್ಷ 1156. ಸುತ್ತಲ ನೆಲಕ್ಕಿಂತ ಸುಮಾರು 75 ಮೀಟರ್ ಎತ್ತರ. ಶ್ರೀಕೃಷ್ಣ ಚಕ್ರದಿಂದ ಗುಡ್ಡದಲ್ಲಿ ನೀರು ತೆಗೆದ ಎಂಬ ಐತಿಹ್ಯ ಕೋಟೆಯೊಳಗಿನ ಜೈಸಲೂ ಬಾವಿಗೆ ಅಂಟಿಕೊಂಡಿದೆ. ಐತಿಹ್ಯವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕೋಟೆಗೆ ಜಾಗ ಆರಿಸುವಾಗ ಮೊದಲು ಕೇಳಿದ್ದು ನೀರಿನ ಪ್ರಶ್ನೆಯನ್ನೇ ಎನ್ನುವುದಂತೂ ಅದರಿಂದ ಗೊತ್ತಾಗುತ್ತದೆ.

ಈಗ ನಾವು ನೋಡುವ ಕೋಟೆ ಜೈಸಲನ ಕಾಲದ್ದಲ್ಲ. ಉದ್ದ ಸುಮಾರು 460 ಮೀಟರ್, ಅಗಲ 230. ಬುರುಜುಗಳು 99, ಅವುಗಳಲ್ಲಿ 92 ಕಟ್ಟಿದ್ದು ಅಥವಾ ಮತ್ತೆ ಕಟ್ಟಿದ್ದು 1633ರಿಂದ 1647ರ ನಡುವೆ. ದೆಹಲಿಯ ಸುಲ್ತಾನರ ಮುತ್ತಿಗೆ, ಎರಡೂವರೆ ಸಾಕಾ (ಸೋಲು ಖಚಿತವಾದಾಗ ಸಾಯುವವರೆಗೆ ನಡೆಸುವ ಕೊನೆಯ ಕಾಳಗ), ಇವೆಲ್ಲ ಗೈಡುಗಳು ಸೊಗಸಾಗಿ ಹೇಳುವ ಕಥೆಗಳು. ಅದನ್ನು ಅವರಿಗೇ ಬಿಟ್ಟು ಕೆಳಗಿಳಿಯೋಣ.

ಮೂರು ಬಗೆಯ ನೀರು

ಅಲ್ಲಿಯ ಜನ ನೀರನ್ನು ಮೂರು ಹೆಸರಿನಿಂದ ಕರೆಯುತ್ತಾರೆ. ಪಾಲರ್ ಪಾನಿ ಎಂದರೆ ಆಗತಾನೇ ಬಿದ್ದು ನೆಲದ ಮೇಲೆ ಹರಿಯುವ ಮಳೆನೀರು. ಪಾತಾಳ ಪಾನಿ ಎಂದರೆ ಆಳದ ಅಂತರ್ಜಲ, ಬಹುಪಾಲು ಉಪ್ಪು. ಇವೆರಡರ ನಡುವೆ ರೇಜಾಣಿ ಪಾನಿ. ಮರಳಿನಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿಗೆ ಬೆರೆಯುವ ಮೊದಲು ಎಲ್ಲೋ ತಡೆದು ನಿಂತರೆ ಅದು ರೇಜಾಣಿ. ತಡೆಯುವುದು ಜಿಪ್ಸಂ ಅಥವಾ ಗಟ್ಟಿ ಜೇಡಿಯ ಪದರ. ಈ ಪದರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಶತ್ರುವಾಗಿ ಎದುರು ನಿಲ್ಲುತ್ತದೆ.

ಈ ಪದರ ಇರುವ ಕಡೆ ತೋಡುವ ಸಣ್ಣ ಬಾವಿ ಬೇರಿ. ನಮ್ಮ ಹಗೇವು ನೋಡಿದವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಿಲ್ಲ: ಬಾಯಿ ಕಿರಿದು, ಒಳಗೆ ಭದ್ರ. ಅಗಲ ಒಂದು ಮೀಟರಿಗೂ ಕಡಿಮೆ, ಆಳ ಹತ್ತು ಮೀಟರ್ ಆಸುಪಾಸು. ಕಿರಿದಾಗಿಯೇ ತೋಡಲು ಕಾರಣವಿದೆ. ಸುತ್ತಲ ಮರಳಿನಿಂದ ತೇವ ಹನಿಹನಿಯಾಗಿ ಜಿನುಗುತ್ತದೆ, ದಿನಕ್ಕೆ ಎರಡು ಮೂರು ಕೊಡ ಅಷ್ಟೆ. ಅಗಲವಾದ ತಳದಲ್ಲಿ ಅಷ್ಟು ನೀರು ಬರೀ ಪಸೆಯಾಗಿ ಹರಡಿಕೊಳ್ಳುತ್ತದೆ, ಕೊಡ ಮುಳುಗುವುದೇ ಇಲ್ಲ. ಕಿರಿದಾದ ತಳದಲ್ಲಿ ಅದೇ ನೀರು ಗೇಣುದ್ದ ಏರಿ ನಿಲ್ಲುತ್ತದೆ.

ತೋಡುವವರಿಗೆ ಚೆಜಾರೊ ಎಂದು ಹೆಸರು. ಒಬ್ಬನೇ ಕುಕ್ಕರಗಾಲಲ್ಲಿ ಕೂತು ಗಿಡ್ಡ ಹಿಡಿಯ ಬಸೌಲಿಯಿಂದ ಅಗೆಯುತ್ತಾನೆ. ಗುದ್ದಲಿ ಬೀಸಲು ಒಳಗೆ ಜಾಗವಿಲ್ಲ. ಕೆಳಗಿಳಿದಂತೆ ಸೆಕೆ, ಉಸಿರುಗಟ್ಟು. ಮೇಲಿನವರು ಆಗಾಗ ಹಿಡಿ ಮರಳನ್ನು ರಭಸದಿಂದ ಒಳಗೆ ಎಸೆಯುತ್ತಾರೆ. ಅದರ ಜೊತೆ ಮೇಲಿನ ತಂಪು ಗಾಳಿ ಕೆಳಗೆ ನುಗ್ಗಿ, ಒಳಗಿನ ಬಿಸಿಗಾಳಿ ಮೇಲೇಳುತ್ತದೆ. ಆ ಮರಳಿನಿಂದ ತಲೆ ಕಾಯಲು ಅಗೆಯುವವನು ಲೋಹದ ಪಾತ್ರೆಯನ್ನು ಟೋಪಿಯಂತೆ ಬೋರಲು ಹಾಕಿಕೊಂಡಿರುತ್ತಾನೆ. ಕಲ್ಲು ಸಿಗದ ಕಡೆ ಖೀಂಪ್ ಎಂಬ ಗಿಡದ ನಾರಿನಿಂದ ದಪ್ಪ ಹಗ್ಗ ಹೊಸೆದು, ಸಿಂಬಿಯ ಮೇಲೆ ಸಿಂಬಿ ಇಟ್ಟಂತೆ ತಳದಿಂದ ಮೇಲಕ್ಕೆ ಸುತ್ತಿ ಗೋಡೆ ನಿಲ್ಲಿಸುತ್ತಾರೆ. ಎರಡು ಕಡೆ ಕೆಲಸ ಕೆಡುತ್ತದೆ. ಮರಳು ಕುಸಿಯುವುದು ಒಂದು, ಅದು ಜೀವಕ್ಕೇ ಅಪಾಯ. ಇನ್ನೊಂದು, ಹುರುಪಿನಲ್ಲಿ ಜಿಪ್ಸಂ ಪದರಕ್ಕೇ ತೂತು ಹೊಡೆಯುವುದು. ತೂತು ಬಿದ್ದರೆ ಸಿಹಿನೀರು ಸೋರಿ ಕೆಳಗಿನ ಉಪ್ಪಿಗೆ ಸೇರಿತು; ಆ ಬಾವಿ ಮತ್ತೆ ಸರಿಹೋಗುವುದಿಲ್ಲ.

ಮನೆಯ ಪಕ್ಕದ್ದು ಟಾಂಕಾ, ಅಂದರೆ ನೆಲದೊಳಗಿನ ತೊಟ್ಟಿ. 3 ಮೀಟರ್ ಅಡ್ಡಳತೆ, 3 ಮೀಟರ್ ಆಳದ ದುಂಡು ತೊಟ್ಟಿಗೆ ಸುಮಾರು 21 ಸಾವಿರ ಲೀಟರ್ ಹಿಡಿಯುತ್ತದೆ. ಐದಾರು ಜನಕ್ಕೆ ಕುಡಿಯಲು, ಅಡುಗೆಗೆ ಒಂದು ವರ್ಷದ ನೀರು. ಸುತ್ತಲೂ ನೀರು ಹಿಡಿಯುವ ಅಂಗಳ ಬೇಕು, ಅದಕ್ಕೆ ಆಗೋರ್ ಎನ್ನುತ್ತಾರೆ. ಮುರ್ರಂ, ಜೇಡಿ, ಬೂದಿ ಬೆರೆಸಿ ಬಡಿದು ಗಟ್ಟಿ ಮಾಡಿ, ತೊಟ್ಟಿಯ ಕಡೆಗೆ ನೂರಕ್ಕೆ ಎರಡು ಮೂರರಷ್ಟು ಇಳಿಜಾರು ಕೊಡುತ್ತಾರೆ. 180 ಮಿ.ಮೀ. ಮಳೆಯಲ್ಲಿ ನೂರಕ್ಕೆ ನಲವತ್ತು ಪಾಲು ಹರಿದು ಬಂದರೆ ಸುಮಾರು 300 ಚದರ ಮೀಟರ್ ಅಂಗಳ ಸಾಕು. ಆದರೆ ಸರಾಸರಿ ಮಳೆಯನ್ನು ನಂಬಿ ಅಲ್ಲಿ ಯಾರೂ ಕಟ್ಟುವುದಿಲ್ಲ. ಅರ್ಧ ಮಳೆಯ ವರ್ಷಕ್ಕೆಂದು ಅಂಗಳವನ್ನು ಎರಡರಷ್ಟು ಇಡುತ್ತಾರೆ. ನೀರು ಒಳಹೋಗುವ ಕಿಂಡಿಗೆ ಜಾಲರಿ ಇಲ್ಲದಿದ್ದರೆ ಹಾವು, ಇಲಿ ಒಳಗೆ ಬೀಳುತ್ತವೆ. ಕಿಂಡಿಯ ಮುಂದೆ ಹೂಳು ನಿಲ್ಲುವ ಗುಂಡಿ ಇಲ್ಲದಿದ್ದರೆ ಮೂರ್ನಾಲ್ಕು ವರ್ಷದಲ್ಲಿ ತೊಟ್ಟಿಯ ತಳ ಕೆಸರಾಗುತ್ತದೆ. ಸೋರಿಕೆ ಸಾಮಾನ್ಯವಾಗಿ ಗೋಡೆ ಮತ್ತು ತಳ ಕೂಡುವ ಮೂಲೆಯಲ್ಲಿ. ಅಲ್ಲಿ ಗಾರೆಯನ್ನು ಕೋನವಾಗಿ ಬಿಡದೆ ದುಂಡಗೆ ತಿದ್ದಬೇಕು. ಮೊದಲ ಮಳೆಯ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಂಗಳ ತೊಳೆದುಹೋಗಲಿ ಎಂದು ಹೊರಗೆ ಹರಿಸುತ್ತಾರೆ.

ಇಡೀ ಊರಿಗೆ ದೊಡ್ಡ ಆಸರೆ ಗಡೀಸರ್ ಕೆರೆ. 14ನೇ ಶತಮಾನದ ರಾವಲ್ ಗಡಸಿ ಕಟ್ಟಿಸಿದ್ದರಿಂದ ಆ ಹೆಸರು. ಕೋಟೆಯ ಆಗ್ನೇಯಕ್ಕೆ, ಕಲ್ಲುನೆಲದ ವಿಶಾಲ ಇಳಿಜಾರು ಬಂದು ಸೇರುವ ತಗ್ಗಿನಲ್ಲಿದೆ. ಕೆರೆಗಿಂತ ಅದರ ಆಗೋರ್ ದೊಡ್ಡ ಆಸ್ತಿ. ಅಲ್ಲಿ ಚಪ್ಪಲಿ ಮೆಟ್ಟಿ ಓಡಾಡುವಂತಿರಲಿಲ್ಲ, ದನ ಮೇಯಿಸುವಂತಿರಲಿಲ್ಲ, ಹೊಲಸು ಮಾಡುವಂತಿರಲಿಲ್ಲ. ಮಳೆಗೆ ಮುಂಚೆ ಊರವರೆಲ್ಲ ಸೇರಿ ಹೂಳೆತ್ತುತ್ತಿದ್ದರು. ಈ ಸಾಮೂಹಿಕ ದುಡಿಮೆಗೆ ಲ್ಹಾಸ್ ಎಂದು ಹೆಸರು. ಕೋಡಿ ಬಿದ್ದ ನೀರೂ ವ್ಯರ್ಥವಾಗದೆ ಮುಂದಿನ ಕೆರೆಗಳಿಗೆ ಹೋಗುತ್ತಿತ್ತು, ನಮ್ಮ ಬಯಲುಸೀಮೆಯ ಸರಣಿ ಕೆರೆಗಳ ಹಾಗೆಯೇ. 1960ರ ದಶಕದವರೆಗೂ ಊರು ಕುಡಿಯುತ್ತಿದ್ದದ್ದು ಈ ನೀರನ್ನೇ. ಪಡುವಣ ದಿಕ್ಕಿನ ಅಮರ್ ಸಾಗರದಲ್ಲಿ ಇನ್ನೂ ಒಂದು ಜಾಣ್ಮೆಯಿದೆ. ಅಲ್ಲಿ ಕೆರೆಯಂಗಳದಲ್ಲೇ ಕಲ್ಲು ಕಟ್ಟಿದ ಬಾವಿಗಳಿವೆ. ಮೇಲಿನ ನೀರು ಆವಿಯಾಗಿ ಕೆರೆ ಒಣಗಿದ ಮೇಲೂ ಇಂಗಿದ ನೀರನ್ನು ಆ ಬಾವಿಗಳಿಂದ ಸೇದಬಹುದು.

ಹದಿನೈದು ಎಕರೆಯ ಮಳೆ ಒಂದು ಎಕರೆಗೆ

ಕುಡಿಯುವ ನೀರಾಯಿತು, ಕಾಳು ಎಲ್ಲಿಂದ? ಸಜ್ಜೆ, ಮಡಿಕೆ ಕಾಳು, ಗೋರಿಕಾಯಿ ಮಳೆಗಾಲದ ಮರಳಿನಲ್ಲೇ ಬರುತ್ತವೆ. ಗೋಧಿ, ಕಡಲೆ ಬೆಳೆದು ತೋರಿಸಿದವರು ಪಾಲಿವಾಲ ಬ್ರಾಹ್ಮಣರು. ಪಾಲಿಯಿಂದ ವಲಸೆ ಬಂದ ಇವರು ಜೈಸಲ್ಮೇರ್ ಸೀಮೆಯಲ್ಲಿ 84 ಹಳ್ಳಿ ಕಟ್ಟಿದರೆಂದು ಪ್ರತೀತಿ. ಇವರ ಉಪಾಯದ ಹೆಸರು ಖಡೀನ್.

ಕಲ್ಲುಗುಡ್ಡದ ಇಳಿಜಾರು ಮುಗಿದು ಮಣ್ಣಿನ ತಗ್ಗು ಶುರುವಾಗುವ ಕಡೆ, ತಗ್ಗಿನ ಕೆಳ ಅಂಚಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕುತ್ತಾರೆ. ಸಾಮಾನ್ಯವಾಗಿ ನೂರರಿಂದ ಮುನ್ನೂರು ಮೀಟರ್ ಉದ್ದ. ಹೆಚ್ಚಿನ ನೀರು ಹೋಗಲು ಒಂದು ಕಲ್ಲಿನ ಕೋಡಿ, ಬಿತ್ತನೆಗೆ ಮುಂಚೆ ನಿಂತ ನೀರನ್ನು ಬಸಿಯಲು ತಳಮಟ್ಟದಲ್ಲಿ ಒಂದು ತೂಬು. ಬಿತ್ತುವ ಒಂದು ಎಕರೆಗೆ ನೀರು ಹರಿದುಬರುವ ನೆಲ ಹದಿನೈದು ಎಕರೆಯಷ್ಟು ಇರಬೇಕು. ಲೆಕ್ಕ ಸರಳ. ಆ ಹದಿನೈದು ಎಕರೆಯಿಂದ 180 ಮಿ.ಮೀ. ಮಳೆಯ ನೂರಕ್ಕೆ ಹದಿನೈದು ಪಾಲು ಹರಿದು ಬಂದರೂ ಹೊಲಕ್ಕೆ 400 ಮಿ.ಮೀ. ಸೇರಿತು. ಹೊಲದ ಮೇಲೆ ನೇರವಾಗಿ ಬಿದ್ದದ್ದನ್ನೂ ಕೂಡಿಸಿದರೆ 580. ಹೆಚ್ಚುಕಡಿಮೆ ವಿಜಯಪುರ ಜಿಲ್ಲೆಯ ಮಳೆ! ಬೆಳೆಯುವ ರೀತಿಯೂ ಅಲ್ಲಿಯ ಹಿಂಗಾರಿ ಜೋಳದ್ದೇ. ನೀರು ಹಾಯಿಸುವುದಿಲ್ಲ, ನೆಲ ಕುಡಿದಿಟ್ಟ ತೇವದಲ್ಲೇ ಬೆಳೆ ಮುಗಿಯುತ್ತದೆ. ನವೆಂಬರ್ ಹೊತ್ತಿಗೆ ನೀರು ಇಂಗದೆ ಉಳಿದಿದ್ದರೆ ತೂಬು ತೆಗೆದು ಬಸಿದು, ಹದ ನೋಡಿ ಬಿತ್ತಿ, ಮಾರ್ಚಿನಲ್ಲಿ ಕೊಯ್ಲು.

ತೂಬಿಗೆ ಇನ್ನೊಂದು ಕೆಲಸವಿದೆ, ಹೊಸಬರು ಅದನ್ನೇ ಮರೆಯುವುದು. ನಿಂತ ನೀರು ಅಲ್ಲೇ ಆವಿಯಾದರೆ ಉಪ್ಪು ಹೊಲದಲ್ಲೇ ಉಳಿಯುತ್ತದೆ. ಬಸಿದು ಹೋಗುವ ನೀರು ಆ ಉಪ್ಪನ್ನೂ ಒಯ್ಯುತ್ತದೆ. ಏರಿಯ ಕೆಳಗೆ ಒಂದು ಬಾವಿ ತೋಡಿರುತ್ತಾರೆ. ಹೊಲದಿಂದ ಇಂಗಿದ ನೀರು ಅಲ್ಲಿ ಸಿಗುತ್ತದೆ, ಉಪ್ಪು ಹೊಲದಿಂದ ಕೆಳಗಿಳಿಯುತ್ತಿದೆಯೇ ಎಂಬುದೂ ಆ ನೀರಿನ ರುಚಿಯಲ್ಲೇ ತಿಳಿಯುತ್ತದೆ. ಕೋಡಿಯನ್ನು ಎತ್ತರಿಸಿದರೆ ದೊಡ್ಡ ಮಳೆಗೆ ಏರಿಯೇ ಒಡೆಯುತ್ತದೆ, ತಗ್ಗಿಸಿದರೆ ಹೊಲದ ಮೇಲಂಚಿಗೆ ನೀರು ತಲುಪುವುದಿಲ್ಲ. ಮಣ್ಣು ಕನಿಷ್ಠ ಒಂದು ಮೀಟರ್ ಆಳ ಇಲ್ಲದ ಕಡೆ ಖಡೀನ್ ಹಾಕಿದರೆ ತೇವ ಹಿಡಿದಿಡಲು ಜಾಗವೇ ಇರುವುದಿಲ್ಲ.

ಪಾಲಿವಾಲರು 19ನೇ ಶತಮಾನದ ಮೊದಲರ್ಧದಲ್ಲಿ ಊರು ಖಾಲಿ ಮಾಡಿದರು. ಒಂದೇ ರಾತ್ರಿ ಎದ್ದು ಹೋದರು, ಶಾಪ ಹಾಕಿದರು, ಅವರ ಹಳ್ಳಿ ಕುಲಧರಾದಲ್ಲಿ ದೆವ್ವ ಇದೆ ಎಂಬ ಕಥೆ ಈಗ ಟಿಕೆಟ್ ಮಾರುತ್ತಿದೆ. ದಿವಾನ ಸಾಲಿಂ ಸಿಂಗ್ ಕಾಲದ ಮಿತಿಮೀರಿದ ಕಂದಾಯ, ಬತ್ತುತ್ತಿದ್ದ ಬಾವಿಗಳು, ಇಳಿಯುತ್ತಿದ್ದ ವ್ಯಾಪಾರ, ಇಷ್ಟಿದ್ದರೆ ಒಂದು ಹಳ್ಳಿ ಖಾಲಿಯಾಗಲು ದೆವ್ವ ಬೇಕಿಲ್ಲ.

ಸುಂಕದ ದುಡ್ಡು, ಕಲ್ಲಿನ ಕೆಲಸ

ಖಡೀನಿನ ಗೋಧಿಯಿಂದ ಊರು ಬದುಕಬಹುದು, ಶ್ರೀಮಂತವಾಗಲಾರದು. ದುಡ್ಡು ಬಂದದ್ದು ದಾರಿಯಿಂದ. ಸಿಂಧ್ ಮತ್ತು ಮುಲ್ತಾನ್ ಒಂದು ಕಡೆ. ಮಾರವಾಡ, ಮಾಳವ, ಗುಜರಾತ್ ಇನ್ನೊಂದು ಕಡೆ. ನಡುವಿನ ಈ ನೆಲದಲ್ಲಿ ನೀರಿರುವ ತಂಗುದಾಣ ಯಾರ ಕೈಯಲ್ಲಿದೆಯೋ ಸುಂಕ ಅವರದ್ದು. ಒಂದು ಒಂಟೆ ಸುಮಾರು ಎರಡು ಕ್ವಿಂಟಲ್ ಹೊತ್ತು ದಿನಕ್ಕೆ 30ರಿಂದ 40 ಕಿ.ಮೀ. ನಡೆಯುತ್ತದೆ. ಜೋಧಪುರಕ್ಕೆ ಎಂಟೊಂಬತ್ತು ದಿನದ ದಾರಿ. ಅಷ್ಟು ಖರ್ಚು ತಾಳುವುದು ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಸರಕು ಮಾತ್ರ: ರೇಷ್ಮೆ, ನೀಲಿ, ದಂತ, ಒಣಹಣ್ಣು, ಮತ್ತೆ ಅಫೀಮು.

ಈ ಅಫೀಮಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಂಪನಿಯ ಬಂದರುಗಳನ್ನು ತಪ್ಪಿಸಿ ಮಾಳವದ ಅಫೀಮು ಪಾಲಿ, ಜೈಸಲ್ಮೇರ್ ಮೂಲಕ ಕರಾಚಿಗೆ, ಅಲ್ಲಿಂದ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. 1843ರಲ್ಲಿ ಬ್ರಿಟಿಷರು ಸಿಂಧ್ ಗೆದ್ದರು, ಆ ಕಿಂಡಿ ಮುಚ್ಚಿತು, ವ್ಯಾಪಾರ ಮುಂಬಯಿಗೆ ತಿರುಗಿತು. ವ್ಯಾಪಾರಿ ಪಟವಾ ಮನೆತನದ ಐದು ಹವೇಲಿಗಳ, ಅಂದರೆ ದೊಡ್ಡ ಮನೆಗಳ ಕೆಲಸ ಶುರುವಾದದ್ದು 1805ರಲ್ಲಿ, ಸಾಲಿಂ ಸಿಂಗ್ ಹವೇಲಿ 1815ರ ಸುಮಾರಿಗೆ. ಈ ಇಸವಿಗಳನ್ನು ಒಟ್ಟಿಗಿಟ್ಟು ನೋಡಿದರೆ ಆ ಕಲ್ಲಿನ ಕುಸುರಿಯ ಹಿಂದಿನ ಲೆಕ್ಕದ ಪುಸ್ತಕ ಸ್ವಲ್ಪ ಕಾಣುತ್ತದೆ.

ಮೊದಲು ಊರೆಲ್ಲ ಕೋಟೆಯೊಳಗೇ ಇತ್ತು. ವ್ಯಾಪಾರ ಬೆಳೆದಂತೆ ಕೆಳಗಿಳಿದು ಮಾಣಕ್ ಚೌಕ್ ಸುತ್ತ ಪೇಟೆಯಾಯಿತು. ಆಮೇಲೆ ಪೇಟೆಗೂ ಸುತ್ತುಗೋಡೆ ಬಂತು.

ಕಟ್ಟಿದ್ದು ಅಲ್ಲಿಯದೇ ಹಳದಿ ಕಲ್ಲಿನಿಂದ. ಬೆಂಗಳೂರಿನ ಎಷ್ಟೋ ಮನೆಗಳ ನೆಲಕ್ಕೆ ಬಂದಿರುವುದು ಇದೇ ಜೈಸಲ್ಮೇರ್ ಕಲ್ಲು. ಕೆಲವು ಚಪ್ಪಡಿಗಳಲ್ಲಿ ಚಿಪ್ಪಿನ ಗುರುತು ಕಾಣಿಸುತ್ತದೆ, ಅದು ಕೋಟ್ಯಂತರ ವರ್ಷದ ಹಿಂದೆ ಅಲ್ಲಿದ್ದ ಸಮುದ್ರದ ಗುರುತು. ಕಲ್ಲಿಗೆ ಕಲ್ಲು ಕೂಡಿಸಲು ಗಾರೆ ಕಲಸುವುದಿಲ್ಲ. ಗಾರೆಗೆ ನೀರು ಬೇಕು, ನೀರು ಎಲ್ಲಿದೆ? ಕಲ್ಲಿನಲ್ಲೇ ಗಂಡು-ಹೆಣ್ಣು ಕಚ್ಚು ಕಡೆದು, ಅಲ್ಲಲ್ಲಿ ಕಬ್ಬಿಣದ ಪಟ್ಟಿ ಕೂಡಿಸಿ ನಿಲ್ಲಿಸುತ್ತಾರೆ. ಮಾಳಿಗೆಗೆ ಮರದ ತೊಲೆ, ಮೇಲೆ ಹುಲ್ಲಿನ ಚಾಪೆ, ಅದರ ಮೇಲೆ ಒಂದು ಅಡಿಗಿಂತ ದಪ್ಪ ಮಣ್ಣು. 45 ಡಿಗ್ರಿ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಸೂರಿಲ್ಲ. ಅದರ ಮೇಲೆ ನೀರು ನಿಲ್ಲಬಾರದು ಅಷ್ಟೆ. ಕೋಟೆಯೊಳಗಿನ ಬೀದಿಗಳು ಘುಟ್ ನಾಲಿ ಎಂಬ ತೆರೆದ ಚರಂಡಿಗಳಿಗೆ ಇಳಿಜಾರು. ಮಳೆ ಬಿದ್ದ ಗಳಿಗೆಯಲ್ಲೇ ನೀರು ನಾಲ್ಕು ದಿಕ್ಕಿಗೆ ಗುಡ್ಡದಿಂದ ಕೆಳಗೆ ಹೋಗಬೇಕು. ಕೆಳಗಿನ ತಗ್ಗಿನಲ್ಲಿ ಹನಿಯನ್ನೂ ಬಿಡದ ಜನ, ಮೇಲಿನ ಗುಡ್ಡದಲ್ಲಿ ಹನಿಯನ್ನೂ ನಿಲ್ಲಗೊಡಲಿಲ್ಲ.

ಅಳತೆ ತಪ್ಪಿದ ನೀರು

ಮುಂಬಯಿ ಬಂದರು, ಬೇರೆ ದಾರಿ ಹಿಡಿದ ರೈಲು, ಆಮೇಲೆ 1899–1900ರ ಛಪ್ಪನಿಯಾ ಬರ. 1891ರಲ್ಲಿ 1,15,701 ಇದ್ದ ಜೈಸಲ್ಮೇರ್ ಸಂಸ್ಥಾನದ ಜನಸಂಖ್ಯೆ 1901ಕ್ಕೆ 73,370. ಊರಿನಲ್ಲಿ ಏಳು ಸಾವಿರ ಚಿಲ್ಲರೆ ಜನ ಉಳಿದಿದ್ದರು. 1947ರಲ್ಲಿ ಸಿಂಧ್ ಪರದೇಶವಾಯಿತು, ಉಳಿದಿದ್ದ ದಾರಿಯೂ ಮುಚ್ಚಿತು. ವಿಚಿತ್ರವೆಂದರೆ ಊರನ್ನು ಮುಗಿಸಿದ ಅದೇ ಗಡಿ ಅದನ್ನು ಮತ್ತೆ ಎಬ್ಬಿಸಿತು. 1965 ಮತ್ತು 1971ರ ಯುದ್ಧಗಳ ಕಾಲಕ್ಕೆ ಸೈನ್ಯಕ್ಕಾಗಿ ರಸ್ತೆ, ರೈಲು ಬಂದವು. ಅದೇ ರಸ್ತೆ, ಅದೇ ರೈಲಿನಲ್ಲಿ ಪ್ರವಾಸಿಗಳೂ ಬಂದರು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 65,471.

ಕಾಲುವೆಯೂ ಬಂತು. ಪಂಜಾಬಿನ ಹರಿಕೆಯಿಂದ ಹೊರಡುವ, ಈಗ ಇಂದಿರಾ ಗಾಂಧಿ ಹೆಸರಿನ ಕಾಲುವೆಯ ಕೆಲಸ 1958ರಲ್ಲಿ ಶುರುವಾಗಿ, 649 ಕಿ.ಮೀ. ಸಾಗಿ, 1980ರ ದಶಕದ ಕೊನೆಯ ಹೊತ್ತಿಗೆ ಜೈಸಲ್ಮೇರ್ ಜಿಲ್ಲೆ ಮುಟ್ಟಿತು. ಅದರಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ನೆನಪಿಟ್ಟುಕೊಳ್ಳಿ ಎಂದಿದ್ದ ಪದರ ಈಗ ಬರುತ್ತದೆ. ಮರಳಿನ ಕೆಳಗೆ ಜಿಪ್ಸಂ, ಜೇಡಿ ಇರುವ ಕಡೆ ಕಾಲುವೆ ನೀರನ್ನು ಯಥೇಚ್ಛ ಹಾಯಿಸಿದರೆ ಅದು ಕೆಳಗಿಳಿಯುವುದಿಲ್ಲ. ಪದರದ ಮೇಲೆ ತುಂಬಿಕೊಂಡು, ಬೆಳೆಯ ಬೇರಿನ ಮಟ್ಟಕ್ಕೆ ಏರಿ, ಉಪ್ಪನ್ನೂ ಮೇಲೆ ತರುತ್ತದೆ. ಕಾಲುವೆ ಪ್ರದೇಶದಲ್ಲಿ ಹೀಗೆ ಜೌಗಾದ ಹೊಲಗಳು ಬೇಕಾದಷ್ಟಿವೆ. ಪಕ್ಕದ ಬಾಡಮೇರ್ ಜಿಲ್ಲೆಯ ಕವಾಸ್‌ನಲ್ಲಿ 2006ರ ಆಗಸ್ಟ್ ಮಳೆಯ ನೀರು ತಿಂಗಳುಗಟ್ಟಲೆ ನಿಂತದ್ದಕ್ಕೂ ಇದೇ ಪದರ ಕಾರಣ. ಬೇರಿಗೆ ದಿನಕ್ಕೆ ಎರಡು ಮೂರು ಕೊಡ ನೀರು ಕೊಟ್ಟ ಪದರ ಅದು. ಕೆರೆಯಷ್ಟು ನೀರು ಬಂದಾಗಲೂ ತನ್ನ ಕೆಲಸವನ್ನೇ ಮಾಡಿತು.

ತ್ರಿಕೂಟ ಗುಡ್ಡದ ಒಳಗೂ ಹೀಗೆಯೇ. ಗಟ್ಟಿ ಕಲ್ಲಿನ ಪದರಗಳ ನಡುವೆ ಮೆದು ಜೇಡಿಯ ಪದರಗಳಿವೆ. ಒಣಗಿರುವವರೆಗೆ ಭಾರ ಹೊರುತ್ತವೆ, ನೆನೆದರೆ ಉಬ್ಬಿ ಜಾರುತ್ತವೆ. ಹಿಂದೆ ಕೆಳಗಿನಿಂದ ತಲೆಯ ಮೇಲೆ ಕೊಡ ಹೊತ್ತು ತರುತ್ತಿದ್ದಾಗ ನೀರಿನ ಖರ್ಚು ತಾನಾಗಿಯೇ ಹಿಡಿತದಲ್ಲಿತ್ತು. ನಲ್ಲಿ ಬಂದ ಮೇಲೆ ಬಚ್ಚಲು, ಫ್ಲಶ್ ಇರುವ ಪಾಯಿಖಾನೆ, ಹೋಟೆಲಿನ ಶವರ್ ಎಲ್ಲ ಬಂದವು. ಒಂದು ಲೆಕ್ಕ ಹಾಕಿ ನೋಡಿ. ಕೋಟೆಯೊಳಗೆ ಮೂರು ಸಾವಿರ ಜನ, ತಲೆಗೆ ನೂರು ಲೀಟರ್ ಎಂದು ಹಿಡಿದರೆ ದಿನಕ್ಕೆ 3 ಲಕ್ಷ ಲೀಟರ್, ವರ್ಷಕ್ಕೆ ಸುಮಾರು 11 ಕೋಟಿ. ಗುಡ್ಡದ ನೆತ್ತಿ ಹೆಚ್ಚೆಂದರೆ ಹತ್ತು ಹೆಕ್ಟೇರ್. ಹತ್ತರಲ್ಲಿ ಒಂದು ಪಾಲು ಸೋರಿದರೂ 110 ಮಿ.ಮೀ. ಮಳೆಗೆ ಸಮ. ಮಳೆಯಾದರೆ ಚರಂಡಿ ಹಿಡಿದು ಹೋಗುತ್ತದೆ, ಬಿಸಿಲಿಗೆ ಆರುತ್ತದೆ. ಪೈಪಿನ ಸೋರಿಕೆ ನೆಲದಡಿಯಲ್ಲೇ ವರ್ಷದ 365 ದಿನವೂ ಪಾಯಕ್ಕೆ ಇಳಿಯುತ್ತಿರುತ್ತದೆ. ಗಾರೆಯಿಲ್ಲದ ಗೋಡೆಗೆ ಪಾಯ ಒಂದು ಕಡೆ ಕುಸಿದರೆ ಕಚ್ಚುಗಳು ಬಿಟ್ಟುಕೊಳ್ಳುತ್ತವೆ. 1990ರ ದಶಕದ ಕೊನೆಗೆ ಬುರುಜುಗಳೇ ಬಿದ್ದವು. 2013ರಲ್ಲಿ ರಾಜಸ್ಥಾನದ ಆರು ಗಿರಿದುರ್ಗಗಳಲ್ಲಿ ಒಂದಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಈ ಸಮಸ್ಯೆ ಬೆನ್ನು ಬಿಟ್ಟಿಲ್ಲ.

ಮಾಡಬೇಕಾದದ್ದು ದೊಡ್ಡ ರಹಸ್ಯವೇನಲ್ಲ. ನೀರಿನ ಪೈಪು, ಕೊಳಚೆ ಪೈಪು ಎರಡನ್ನೂ ನೆಲದಲ್ಲಿ ಹೂಳದೆ, ತೆರೆದು ನೋಡಬಹುದಾದ ಕಲ್ಲಿನ ಕಾಲುವೆಯಲ್ಲಿ ಹಾಯಿಸಬೇಕು. ಸೋರಿದರೆ ಅದೇ ದಿನ ಕಣ್ಣಿಗೆ ಬೀಳಬೇಕು. ಬಚ್ಚಲನ್ನು ಹೊರಗೋಡೆಗೆ, ಬುರುಜಿನ ನೆತ್ತಿಗೆ ಅಂಟಿಸಿ ಕಟ್ಟಬಾರದು. ಸೋರುವ ಕಲ್ಲುಸಂದಿಗೆ ಸಿಮೆಂಟ್ ಮೆತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ಒಳಗಿನ ತೇವ ಸಂದಿಯಿಂದ ಹೊರಬರಲಾರದೆ ಕಲ್ಲಿನ ಮೈಯಿಂದ ಬರುತ್ತದೆ. ಉಪ್ಪು ಕಟ್ಟಿ ಕಲ್ಲು ಹಕ್ಕಳೆಯಾಗಿ ಉದುರುತ್ತದೆ. ಕೆತ್ತನೆಯಿರುವ ಕಡೆಯಂತೂ ಹಾಗೆ ಉದುರಿದ್ದು ಉದುರಿದಂತೆಯೇ.

ಕೊನೆಗೆ ಸಭೆಯಿಂದ ಒಂದು ಪ್ರಶ್ನೆ ಬಂತು: ಜನರನ್ನೆಲ್ಲ ಕೆಳಗೆ ಕಳಿಸಿ ಕೋಟೆಯನ್ನು ಖಾಲಿ ಇಟ್ಟರೆ ಉಳಿಯುವುದಿಲ್ಲವೇ?

ಹೋಟೆಲುಗಳನ್ನು ಕೆಳಗಿಳಿಸುವುದು ಬೇರೆ ಮಾತು, ಅದಕ್ಕೆ ಒಪ್ಪಬಹುದು. ಮನೆಗಳ ವಿಷಯ ಹಾಗಲ್ಲ. ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಳೆಗೆ ಮುಂಚೆ ಬಿರುಕು ನೋಡಿ ಹೊಸ ಮಣ್ಣು ಮೆತ್ತಬೇಕು, ಮಳೆನೀರು ಹೊರಹೋಗುವ ದೋಣಿಯಲ್ಲಿ ಸಿಕ್ಕಿದ ಕಸ, ಪಾರಿವಾಳದ ಗೂಡು ತೆಗೆಯಬೇಕು. ಬೀಗ ಹಾಕಿದ ಮನೆಯಲ್ಲಿ ದೋಣಿ ಕಟ್ಟಿಕೊಂಡರೆ ಮೊದಲ ದೊಡ್ಡ ಮಳೆಗೇ ಮಾಳಿಗೆಯ ಮೇಲೆ ನೀರು ನಿಲ್ಲುತ್ತದೆ, ತೊಲೆ ಮುರಿಯುತ್ತದೆ, ಒದ್ದೆ ಮಣ್ಣೆಲ್ಲ ಒಳಗೆ ಬಿದ್ದು ಪಾಯದ ಮೇಲೆ ಕೂರುತ್ತದೆ. ಪಕ್ಕದ ಮನೆಯವರಿಗೆ ಗೊತ್ತಾಗುವುದು ನಡುಗೋಡೆಯಲ್ಲಿ ತೇವ ಕಾಣಿಸಿಕೊಂಡ ಮೇಲೆ.